20×40ರ ಸೈಟಿನ ನಡುವೆ ಬಿಟ್ಟ ಏಳು ಅಡಿ

ನಮ್ಮ ಸೈಟು ಪೂರ್ವಕ್ಕೆ ಮುಖ ಮಾಡಿದ 20×40ರದು. ರಸ್ತೆಯ ಕಡೆಗೆ 20 ಅಡಿ, ಒಳಕ್ಕೆ 40 ಅಡಿ, ಒಟ್ಟು 800 ಚದರಡಿ. ಬೆಂಗಳೂರಿನ ಪಶ್ಚಿಮದ ಬಡಾವಣೆಯೊಂದರಲ್ಲಿರುವ ಈ ಜಾಗವನ್ನು ನಾವು ಕೊಂಡಾಗ ದಕ್ಷಿಣ, ಉತ್ತರ, ಪಶ್ಚಿಮ ಮೂರೂ ದಿಕ್ಕುಗಳಲ್ಲಿ ಆಗಲೇ ಎರಡು ಮೂರು ಅಂತಸ್ತಿನ ಮನೆಗಳು ಎದ್ದಿದ್ದವು. ಖಾಲಿ ಸೈಟಿನ ನಡುವೆ ನಿಂತು ತಲೆ ಎತ್ತಿದರೆ ಬಾವಿಯ ತಳದಲ್ಲಿ ನಿಂತಂತೆ ಅನ್ನಿಸುತ್ತಿತ್ತು. ಅಮ್ಮ, ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು ನಾನು, ಹೀಗೆ ಐದು ಜನ ಈ ಜಾಗದಲ್ಲಿ ಬದುಕಬೇಕಿತ್ತು. ನಾನು ಕಟ್ಟಡ ಕಲೆ ಓದಿದವನಲ್ಲ. ಆದರೂ ಮನೆ ಕಟ್ಟಿದ ಒಂದೂವರೆ ವರ್ಷ, ಅದರಲ್ಲಿ ವಾಸಿಸಿದ ಎರಡು ವರ್ಷಗಳಲ್ಲಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ, ಏಕೆಂದರೆ ಇಂಥದೇ ಸೈಟು ಹಿಡಿದು ಕುಳಿತಿರುವ ಸ್ನೇಹಿತರು ಅದೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ, ಮತ್ತು ಅವರ ಕೈಯಲ್ಲಿರುವ ನಕ್ಷೆ ಬಹುಪಾಲು ನಮ್ಮ ಕೈಗೆ ಮೊದಲು ಬಂದ ನಕ್ಷೆಯಂತೆಯೇ ಇರುತ್ತದೆ.

ಆ ಮೊದಲ ನಕ್ಷೆಯನ್ನು ಬರೆದುಕೊಟ್ಟವರು ನಮ್ಮ ಬೇಡಿಕೆಗಳನ್ನೆಲ್ಲ ಒಂದೂ ಬಿಡದೆ ಅದರಲ್ಲಿ ತುಂಬಿದ್ದರು. ಕಾರು ನಿಲ್ಲಿಸಲು ಜಾಗ, ಹಾಲು, ದೇವರ ಕೋಣೆ, ಅಡುಗೆಮನೆ, ಯುಟಿಲಿಟಿ, ಮೂರು ಬೆಡ್‌ರೂಮು, ಮೂರಕ್ಕೂ ಅಂಟಿಕೊಂಡ ಬಚ್ಚಲುಮನೆ. ಕಾಗದದ ಮೇಲೆ ನೋಡಲು ತೃಪ್ತಿಯಾಗುತ್ತಿತ್ತು. ಆದರೆ ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಇದ್ದ ಕೋಣೆಯ ಕಿಟಕಿ ತೆರೆದುಕೊಳ್ಳುತ್ತಿದ್ದುದು ಎರಡಡಿ ಅಗಲದ ಒಂದು ಡಕ್ಟಿಗೆ. ಅದೇ ಡಕ್ಟಿನೊಳಗೆ ಬಚ್ಚಲಿನ ಪೈಪುಗಳೂ ಇಳಿಯುತ್ತಿದ್ದವು. ಅಂಥದೊಂದು ನಡುಕೋಣೆಯಿದ್ದ ಬಾಡಿಗೆ ಮನೆಯಲ್ಲಿ ನಾವು ಒಂಬತ್ತು ವರ್ಷ ಕಳೆದಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೂ ಅಲ್ಲಿ ಟ್ಯೂಬ್‌ಲೈಟು ಉರಿಯಬೇಕಿತ್ತು, ಮಳೆಗಾಲದಲ್ಲಿ ಬೀರುವಿನ ಬಾಗಿಲು ತೆರೆದರೆ ಮಡಿಚಿಟ್ಟ ಸೀರೆಗಳಿಂದ ಬೂಷ್ಟಿನ ವಾಸನೆ ಬರುತ್ತಿತ್ತು. ಅಮ್ಮ ನಕ್ಷೆಯನ್ನು ಓದಲಾರಳು. ನಾನು ಒಂದೊಂದು ಕೋಣೆಯನ್ನೂ ಬೆರಳಿಟ್ಟು ತೋರಿಸಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು: ‘ಹಗಲು ಎಲ್ಲಿಂದ ಬರುತ್ತೆ ಇದಕ್ಕೆ?’ ಆ ನಕ್ಷೆಯನ್ನು ಅಂದೇ ಬದಿಗಿಟ್ಟೆವು.

ಅನಂತರ ಸಿಕ್ಕ ವಾಸ್ತುಶಿಲ್ಪಿ ನಮಗಿಂತ ಚಿಕ್ಕವಯಸ್ಸಿನವರು. ಎಷ್ಟು ಕೋಣೆ ಬೇಕು ಎಂದು ಅವರು ಕೇಳಲಿಲ್ಲ. ಅಗಲವನ್ನು ಮೊದಲು ಲೆಕ್ಕ ಹಾಕೋಣ ಎಂದರು. ಮಂಜೂರಾದ ನಕ್ಷೆಯ ಪ್ರಕಾರ ಉತ್ತರದಲ್ಲಿ 3 ಅಡಿ, ಮುಂದೆ 4 ಅಡಿ, ಹಿಂದೆ 3 ಅಡಿ ಬಿಟ್ಟ ಮೇಲೆ ಮನೆಗೆ ಉಳಿದದ್ದು 17 ಅಡಿ ಅಗಲ, 33 ಅಡಿ ಉದ್ದ. ಎರಡೂ ಬದಿಗೆ 9 ಅಂಗುಲದ ಇಟ್ಟಿಗೆ ಗೋಡೆ ಕಟ್ಟಿದರೆ ಒಳಗೆ ದಕ್ಕುವುದು ಹದಿನೈದೂವರೆ ಅಡಿ. ಪಿಲ್ಲರು, ಬೀಮುಗಳೇ ಭಾರ ಹೊರುವ ಮನೆಯಲ್ಲಿ ಗೋಡೆ ಅಷ್ಟು ದಪ್ಪವಿರಬೇಕಾಗಿಲ್ಲವಾದ್ದರಿಂದ 6 ಅಂಗುಲದ ಬ್ಲಾಕು ಬಳಸಿ ಸರಿಯಾಗಿ 16 ಅಡಿ ಉಳಿಸಿಕೊಂಡೆವು. ವಿಶಾಲವಾದ ಸೈಟಿನಲ್ಲಿ ಅರ್ಧ ಅಡಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇಲ್ಲಿ ಅರ್ಧ ಅಡಿಯೆಂದರೆ ಮಂಚದ ಪಕ್ಕದಲ್ಲಿ ಕಾಲಿಡಲು ಸಿಗುವ ಜಾಗ. ಸಂಜೆಯ ಬಿಸಿಲು ನೇರವಾಗಿ ಬಡಿಯುವ ಪಶ್ಚಿಮದ ಹಿಂಗೋಡೆಯನ್ನು ಮಾತ್ರ 9 ಅಂಗುಲದ್ದಾಗಿಯೇ ಕಟ್ಟಿದೆವು, ಅದಕ್ಕಾಗಿ ಉದ್ದದಲ್ಲಿ ಮೂರು ಅಂಗುಲ ಕಳೆದುಕೊಂಡದ್ದಕ್ಕೆ ಯಾವ ಬೇಸರವೂ ಇಲ್ಲ.

ಈ 16 ಅಡಿಯನ್ನು ಉದ್ದುದ್ದಕ್ಕೆ ಸೀಳಿ ಎರಡು ಕೋಣೆಗಳ ಸಾಲು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹಾಗೆ ಮಾಡಿ ನೋಡಿ: ನಡುವಿನ ನಾಲ್ಕೂವರೆ ಅಂಗುಲದ ಗೋಡೆಯನ್ನು ಕಳೆದರೆ ಒಂದೊಂದು ಕೋಣೆಗೆ 7 ಅಡಿ 9 ಅಂಗುಲದ ಮೇಲೆ ಮುಕ್ಕಾಲು ಅಂಗುಲ ಬರುತ್ತದೆ. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಅಗಲ 2.4 ಮೀಟರ್, ಅಂದರೆ 7 ಅಡಿ ಹತ್ತೂವರೆ ಅಂಗುಲ. ಕೂದಲೆಳೆಯಷ್ಟು ಕಡಿಮೆ. ಸಂಹಿತೆಯನ್ನು ಬದಿಗಿಟ್ಟರೂ, 5 ಅಡಿಯ ಮಂಚ ಮತ್ತು 2 ಅಡಿ ಆಳದ ಬೀರು ಎದುರುಬದುರಾಗಿ ನಿಂತರೆ ನಡುವೆ ಹತ್ತು ಅಂಗುಲವೂ ಉಳಿಯುವುದಿಲ್ಲ, ಬೀರುವಿನ ಬಾಗಿಲನ್ನು ಮಂಚದ ಮೇಲೆ ಕುಳಿತೇ ತೆರೆಯಬೇಕಾಗುತ್ತದೆ. ಆದ್ದರಿಂದ ಅಗಲವನ್ನು ಆದಷ್ಟೂ ಮುಟ್ಟಬಾರದು, ಉದ್ದವನ್ನು ಮಾತ್ರ ಕತ್ತರಿಸಬೇಕು ಎಂಬುದು ನಮ್ಮ ಮೊದಲ ತೀರ್ಮಾನವಾಯಿತು. ಮುಂದೆ 12 ಅಡಿಯ ಒಂದು ಭಾಗ, ಹಿಂದೆ ಹೆಚ್ಚುಕಡಿಮೆ ಅಷ್ಟೇ ಉದ್ದದ ಇನ್ನೊಂದು ಭಾಗ, ಅವೆರಡರ ನಡುವೆ ಅಡ್ಡಲಾಗಿ ಏಳು ಅಡಿಯ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಕೋಣೆಯಿಲ್ಲ. ಮೆಟ್ಟಿಲಿದೆ, ಬೆಳಕಿದೆ, ಮೇಲಿನವರೆಗೂ ತೆರೆದ ಜಾಗವಿದೆ.

ಇದು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಮೇಲುಕೋಟೆಯಲ್ಲಿದ್ದ ನನ್ನ ತಾತನ ಮನೆ ಬೀದಿಯಿಂದ ನೋಡಿದರೆ ಒಂದು ಬಾಗಿಲು, ಎರಡು ಕಿಟಕಿ, ಒಂದು ಜಗಲಿಯಷ್ಟೇ ಇದ್ದ ಸಾಲುಮನೆ. ಎರಡೂ ಪಕ್ಕದ ಗೋಡೆಗಳು ನೆರೆಯವರೊಂದಿಗೆ ಹಂಚಿಕೊಂಡವು, ಆ ಗೋಡೆಗಳಲ್ಲಿ ಕಿಟಕಿ ಇಡುವ ಮಾತೇ ಇರಲಿಲ್ಲ. ಆದರೂ ಆ ಮನೆ ಕತ್ತಲೆಯೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಜಗಲಿ ದಾಟಿದರೆ ಪಡಸಾಲೆ, ಪಡಸಾಲೆ ದಾಟಿದರೆ ಆಕಾಶಕ್ಕೆ ತೆರೆದ ಪುಟ್ಟ ತೊಟ್ಟಿ, ಅದರಾಚೆ ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲು. ಅಡುಗೆಮನೆಯ ಹೆಂಚಿನ ನಡುವೆ ಒಂದು ಗವಾಕ್ಷಿ ಇತ್ತು. ಅದರಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಒಲೆಯ ಹೊಗೆ ಸುರುಳಿ ಸುರುಳಿಯಾಗಿ ಏರುವುದನ್ನು ನೋಡುತ್ತ ನಾವು ಊಟಕ್ಕೆ ಕಾಯುತ್ತಿದ್ದೆವು. ಕಿರಿದಾಗಿ ಉದ್ದವಾಗಿರುವ ಜಾಗದಲ್ಲಿ ಬದುಕುವ ವಿದ್ಯೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದಿಂದ ಬಾರದ ಬೆಳಕನ್ನು ಅವರು ಮೇಲಿನಿಂದ ಇಳಿಸಿಕೊಂಡರು. ಅಹಮದಾಬಾದಿನ ಹಳೆಯ ಪೋಳಗಳ, ಅಂದರೆ ಇಕ್ಕಟ್ಟಾದ ಓಣಿಕೇರಿಗಳ, ಮನೆಗಳಲ್ಲಿರುವ ಚೌಕವೆಂಬ ತೆರೆದ ಅಂಗಳ ಮಾಡುವುದೂ ಅದೇ ಕೆಲಸವನ್ನು. ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ 1976ರಲ್ಲಿ ಒಸಾಕಾದ ಸುಮಿಯೋಶಿಯಲ್ಲಿ ಕಟ್ಟಿದ ಸಾಲುಮನೆಯ ಅಗಲ ಸುಮಾರು 11 ಅಡಿ ಮಾತ್ರ. ಅಷ್ಟು ಇಕ್ಕಟ್ಟಿನಲ್ಲೂ ಅವರು ಮನೆಯ ಮೂರನೇ ಒಂದು ಭಾಗವನ್ನು ನಡುವೆ ಪೂರ್ತಿ ಆಕಾಶಕ್ಕೆ ಬಿಟ್ಟರು, ಮಳೆ ಬಂದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಕೊಡೆ ಹಿಡಿದು ಹೋಗಬೇಕು. ಎಪ್ಪತ್ತಾರು ವರ್ಷದ ಅಮ್ಮನನ್ನು ಇಟ್ಟುಕೊಂಡು ನಾವು ಅಷ್ಟು ದೂರ ಹೋಗುವಂತಿರಲಿಲ್ಲ. ಆದರೆ ಆ ಧೈರ್ಯದಲ್ಲಿ ನಾಲ್ಕಾಣೆಯಷ್ಟಾದರೂ ನಮಗೆ ಬೇಕಿತ್ತು.

ಏಳು ಅಡಿ ಎಂಬ ಅಳತೆ ಬಂದದ್ದು ಮೆಟ್ಟಿಲಿನಿಂದ. ಒಂದು ಮಹಡಿಯಿಂದ ಇನ್ನೊಂದಕ್ಕೆ ನಮ್ಮಲ್ಲಿ ಸರಿಯಾಗಿ 10 ಅಡಿ ಎತ್ತರ, ಅಂದರೆ 120 ಅಂಗುಲ. ಮೆಟ್ಟಿಲಿನ ಎತ್ತರ 19 ಸೆಂಟಿಮೀಟರಿನವರೆಗೆ, ಅಂದರೆ ಏಳೂವರೆ ಅಂಗುಲದಷ್ಟು ಇರಬಹುದೆಂದು ಸಂಹಿತೆ ಹೇಳುತ್ತದೆ, ಜಾಗ ಉಳಿಸಲು ಎಲ್ಲರೂ ಅಲ್ಲಿಗೇ ಹೋಗುತ್ತಾರೆ, ಕೆಲವರು ಅದನ್ನೂ ಮೀರುತ್ತಾರೆ. ನಾವು 18 ಮೆಟ್ಟಿಲುಗಳಾಗಿ ಹಂಚಿದೆವು, ಆಗ ಒಂದೊಂದರ ಎತ್ತರ ಆರೂಮುಕ್ಕಾಲು ಅಂಗುಲಕ್ಕಿಂತಲೂ ತುಸು ಕಡಿಮೆ. ಕಾಲಿಡುವ ಹಲಗೆಯ ಅಗಲ 10 ಅಂಗುಲ. ಒಂಬತ್ತೊಂಬತ್ತರಂತೆ ಎರಡು ಸಾಲು, ಒಂದೊಂದೂ 3 ಅಡಿ ಅಗಲ, ನಡುವೆ 1 ಅಡಿ ಖಾಲಿ, ಹೀಗೆ ಏಳು ಅಡಿ. ತಿರುವಿನ ಕಟ್ಟೆಯನ್ನೂ ಸೇರಿಸಿದರೆ ಮೆಟ್ಟಿಲಿನ ಉದ್ದ 9 ಅಡಿ 8 ಅಂಗುಲ. ಮನೆಯ 16 ಅಡಿ ಅಗಲದಲ್ಲಿ ಮಿಕ್ಕ 6 ಅಡಿ 4 ಅಂಗುಲದಲ್ಲಿ ಮುಂದಿನಿಂದ ಹಿಂದಕ್ಕೆ ಹೋಗುವ ಓಣಿಯಂಥ ದಾರಿಗೆ 2 ಅಡಿ 10 ಅಂಗುಲ, ಉತ್ತರದ ಗೋಡೆಗೆ ಒತ್ತಿಕೊಂಡಂತೆ ಬೆಳಕಿನ ಬಾವಿಗೆ ಮೂರೂವರೆ ಅಡಿ. ಆ ಬಾವಿ ಮೂರೂವರೆ ಅಡಿಗೆ ಏಳು ಅಡಿ, ಇಪ್ಪತ್ತನಾಲ್ಕೂವರೆ ಚದರಡಿ. ಮೊದಲನೆಯ ಮಹಡಿಯಲ್ಲಿ ಇಷ್ಟನ್ನು ‘ವೇಸ್ಟ್’ ಮಾಡುತ್ತಿದ್ದೀರಿ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಸೆಂಟ್ರಿಂಗ್ ಹೊಡೆಯಲು ಬಂದ ಮೇಸ್ತ್ರಿ ಕೂಡ ಸ್ಲ್ಯಾಬು ಹಾಕುವ ಹಿಂದಿನ ದಿನ ನನ್ನನ್ನು ಪಕ್ಕಕ್ಕೆ ಕರೆದು, ಇನ್ನೂ ಕಾಲ ಮಿಂಚಿಲ್ಲ, ನಾಲ್ಕು ಕಂಬಿ ಎಳೆದರೆ ಒಂದು ಸ್ಟೋರ್ ರೂಮು ಆಗುತ್ತದೆ ಎಂದು ಮನಸ್ಸಿಟ್ಟು ಹೇಳಿದ್ದ. ಅವನ ಕಾಳಜಿ ನಿಜವಾದದ್ದು. ಹಾಗೆ ಮಾಡದೆ ಉಳಿದದ್ದು ನಾವು ಈ ಮನೆಗಾಗಿ ಮಾಡಿದ ಅತ್ಯಂತ ಒಳ್ಳೆಯ ಕೆಲಸ.

ಮೆಟ್ಟಿಲುಗಳಿಗೆ ಎದೆಯ ಹಲಗೆ, ಅಂದರೆ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ನೆಟ್ಟಗೆ ನಿಲ್ಲುವ ಹಲಗೆ, ಇಡಲಿಲ್ಲ. ಕಬ್ಬಿಣದ ಚೌಕಟ್ಟಿನ ಮೇಲೆ ಮರದ ಹಲಗೆ ಮಾತ್ರ ಕೂರಿಸಿದ್ದರಿಂದ ಬೆಳಕು ಮೆಟ್ಟಿಲಿನ ಸಂದುಗಳಿಂದಲೂ ಸೋಸಿ ಕೆಳಗಿಳಿಯುತ್ತದೆ. ಬಾವಿಯ ಉತ್ತರದ ಗೋಡೆಗೆ ಮೇಲಿನಿಂದ ಕೆಳಗಿನವರೆಗೂ ಸುಣ್ಣದ ಬಿಳುಪು ಬಿಟ್ಟು ಬೇರೆ ಬಣ್ಣ ಹಚ್ಚಿಲ್ಲ. ಬಿಳುಪನ್ನೇ ಏಕೆ ಆರಿಸಿಕೊಂಡೆವು ಎಂಬುದು ಸೂರ್ಯನ ದಾರಿಯನ್ನು ಗಮನಿಸಿದರೆ ತಿಳಿಯುತ್ತದೆ. ಬೆಂಗಳೂರು ಸಮಭಾಜಕದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ, ಹಾಗಾಗಿ ಡಿಸೆಂಬರಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 36 ಡಿಗ್ರಿ ಓರೆಯಾಗಿರುತ್ತಾನೆ. ಆಗ ಬಿಸಿಲು ಬಾವಿಯೊಳಗೆ ಇಳಿಯಲಾರದೆ ಉತ್ತರದ ಗೋಡೆಯ ಮೇಲಿನ ಐದಡಿಯಲ್ಲೇ ನಿಂತುಬಿಡುತ್ತದೆ. ಕೆಳಗೆ ಬರುವುದು ಆ ಬಿಳಿಗೋಡೆ ತಳ್ಳಿಕೊಟ್ಟ ತಂಪು ಬೆಳಕು ಮಾತ್ರ, ಓದಲು ಅದಕ್ಕಿಂತ ಹಿತವಾದ ಬೆಳಕು ಮನೆಯಲ್ಲಿ ಬೇರೆಲ್ಲೂ ಇಲ್ಲ. ಯುಗಾದಿ ಕಳೆದ ಮೇಲೆ ಬಿಸಿಲು ದಿನದಿನಕ್ಕೂ ಗೋಡೆಯಿಂದ ಇಳಿಯುತ್ತ ಬರುತ್ತದೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ, ಸೂರ್ಯ ನಮ್ಮ ಊರಿನ ಮೇಲೆ ಸರಿಯಾಗಿ ನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಕಳೆದ ಏಪ್ರಿಲಿನಲ್ಲಿ ಮಗಳು ನೆಲದ ಮೇಲೆ ಒಂದು ಲೋಟವನ್ನು ಬೋರಲು ಹಾಕಿ ಕಾದು ಕುಳಿತಿದ್ದಳು. ಹನ್ನೆರಡು ಗಂಟೆ ಹದಿನೇಳು ನಿಮಿಷಕ್ಕೆ ಲೋಟದ ನೆರಳು ಅದರ ಅಡಿಗೇ ಸೇರಿಕೊಂಡಿತು, ಮೂರು ಅಂತಸ್ತು ಇಳಿದು ಬಂದ ಬಿಸಿಲು ನೆಲದ ಕೆಂಪು ಗಾರೆಯ ಮೇಲೆ ಚೌಕವಾಗಿ ಬಿದ್ದಿತ್ತು.

ಬಿಸಿಲು ಬಂದರೆ ಸೆಕೆಯೂ ಬರುತ್ತದಲ್ಲ ಎಂಬ ಪ್ರಶ್ನೆ ಸರಿಯಾದದ್ದೇ. ಬಾವಿಯ ಬಾಯಿಯನ್ನು ಗಾಜಿನಿಂದ ಮುಚ್ಚಿ ಕೈತೊಳೆದುಕೊಂಡರೆ ಮನೆ ಒಲೆಯಾಗುವುದು ಖಂಡಿತ. ನಾವು ಮಾಡಿದ್ದೇನೆಂದರೆ, ತಾರಸಿಯ ಮಟ್ಟದಿಂದ ಎರಡೂವರೆ ಅಡಿ ಮೇಲಕ್ಕೆ ಗೋಡೆಯನ್ನು ಎತ್ತಿ, ಅದರ ಮೇಲೆ ಒಡೆದರೂ ಉದುರದಂಥ ಪದರಗಾಜನ್ನು ಓರೆಯಾಗಿ ಕೂರಿಸಿ, ಆ ಎರಡೂವರೆ ಅಡಿಯ ಪೂರ್ವ ಪಶ್ಚಿಮ ಬದಿಗಳಿಗೆ ಗಾಜಿನ ಬದಲು ಅಲ್ಯೂಮಿನಿಯಮ್ ಪಟ್ಟಿಗಳು ಮತ್ತು ಸೊಳ್ಳೆಪರದೆ ಹಾಕಿದ್ದು. ಕಾದ ಗಾಳಿ ಹಗುರ, ಅದು ತಾನಾಗಿಯೇ ಏರಿ ಆ ಸಂದುಗಳಿಂದ ಹೊರಗೆ ಹೋಗುತ್ತದೆ, ಅದರ ಜಾಗಕ್ಕೆ ಮುಂದಿನ ಮತ್ತು ಹಿಂದಿನ ಕಿಟಕಿಗಳಿಂದ ತಣ್ಣನೆಯ ಗಾಳಿ ಬರುತ್ತದೆ. ಬಾವಿ ಎತ್ತರವಾದಷ್ಟೂ ಈ ಸೆಳೆತ ಬಲವಾಗುತ್ತದೆ, ಕಿರಿದಾದ ಸೈಟಿನ ಎತ್ತರದ ಮನೆಗೆ ಇದೊಂದು ವರವೇ ಸರಿ. ಮಾರ್ಚಿ, ಏಪ್ರಿಲ್ ತಿಂಗಳ ಸಂಜೆ ಆರರ ನಂತರ ಕೆಳಗಿನ ಕಿಟಕಿಗಳನ್ನೆಲ್ಲ ತೆರೆದು ಓಣಿಯಲ್ಲಿ ನಿಂತರೆ, ಪಂಚೆಯ ಅಂಚು ಅಲುಗುವಷ್ಟು ಗಾಳಿ ಕಾಲಿನ ಬಳಿ ಹರಿಯುವುದು ತಿಳಿಯುತ್ತದೆ. ಕಡು ಬೇಸಿಗೆಯ ನಡುಮಧ್ಯಾಹ್ನಕ್ಕೆಂದು ಗಾಜಿನ ಕೆಳಗೆ ಒಂದು ಖಾದಿ ಬಟ್ಟೆಯ ಪರದೆಯನ್ನು ಹಗ್ಗದಿಂದ ಎಳೆಯುವಂತೆ ಕಟ್ಟಿದ್ದೇವೆ, ವರ್ಷದಲ್ಲಿ ಎರಡು ತಿಂಗಳು ಅದರ ಕೆಲಸ.

ಅಡುಗೆಮನೆಯ ವಿಷಯದಲ್ಲಿ ಅಮ್ಮನ ನಂಬಿಕೆಯೂ ವಾಸ್ತುಶಿಲ್ಪಿಯ ಲೆಕ್ಕವೂ ಒಂದೇ ಕಡೆಗೆ ಬಂದು ಸೇರಿದ್ದು ನಮ್ಮ ಅದೃಷ್ಟ. ಅಡುಗೆ ಆಗ್ನೇಯದಲ್ಲಿರಬೇಕು ಎಂದು ಅಮ್ಮ. ಪೂರ್ವಕ್ಕೆ ಮುಖ ಮಾಡಿದ ಸೈಟಿನಲ್ಲಿ ಆಗ್ನೇಯವೆಂದರೆ ಮನೆಯ ಮುಂಭಾಗ, ರಸ್ತೆಯ ಬದಿ. ಅಡುಗೆಮನೆಯನ್ನು ರಸ್ತೆಗೆ ತೋರಿಸುವುದೇ ಎಂದು ನಾನು ಹಿಂಜರಿದಿದ್ದೆ. ಆದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ಒಬ್ಬರಲ್ಲ ಒಬ್ಬರು ಇರುವ ಜಾಗ ಅದೊಂದೇ, ಇಡೀ ಮನೆಗೆ ನೇರವಾದ ಬಿಸಿಲು ಬರುವುದೂ ಅದೇ ಹೊತ್ತಿನಲ್ಲಿ ಅದೇ ಬದಿಯಿಂದ. ಹಾಗಿರುವಾಗ ಆ ಬಿಸಿಲನ್ನು ದಿನಕ್ಕೊಮ್ಮೆ ನೆಂಟರು ಬಂದರೆ ಬಳಸುವ ಸೋಫಾಕ್ಕೆ ಕೊಡುವುದು ಯಾವ ನ್ಯಾಯ? ಈಗ ಅಡುಗೆಮನೆ 7 ಅಡಿ ಅಗಲ, 12 ಅಡಿ ಉದ್ದ. ಕಿಟಕಿಯ ಕೆಳ ಅಂಚನ್ನು ಮೂರೂವರೆ ಅಡಿಗೆ ಏರಿಸಿ, ಅದರ ಹೊರಗೆ ಕರಿಬೇವಿನ ಕುಂಡ ಇಟ್ಟಿದ್ದರಿಂದ ಒಳಗಿನ ಪಾತ್ರೆಪಗಡಿ ರಸ್ತೆಗೆ ಕಾಣುವುದಿಲ್ಲ. ಸೊಪ್ಪಿನವಳು ಕೂಗಿದರೆ ಅಮ್ಮ ಒಲೆಯ ಮುಂದಿನಿಂದಲೇ ಬೆಲೆ ಕೇಳುತ್ತಾಳೆ. ಅಂಗಳವಿಲ್ಲದ ಊರಿನಲ್ಲಿ ಬೀದಿಯೊಂದಿಗೆ ಅವಳಿಗೆ ಉಳಿದಿರುವ ನಂಟು ಆ ಕಿಟಕಿ.

ಕಾರಿಗೆ ಜಾಗ ಇಡಲಿಲ್ಲ. ಒಂದು ಸಣ್ಣ ಕಾರು ನಿಂತು ಬಾಗಿಲು ತೆರೆಯಬೇಕಾದರೆ 8 ಅಡಿಗೆ 16 ಅಡಿಯಾದರೂ ಬೇಕು, 128 ಚದರಡಿ. ನೆಲಮಹಡಿಯಲ್ಲಿರುವ ಅಮ್ಮನ ಕೋಣೆ 10 ಅಡಿಗೆ ಹನ್ನೆರಡು. ಎರಡರಲ್ಲಿ ಒಂದು ಮಾತ್ರ ಸಾಧ್ಯವಿತ್ತು. ಕಾರನ್ನು ಇಟ್ಟುಕೊಂಡು ರಸ್ತೆಯಲ್ಲಿ ನಿಲ್ಲಿಸುವುದು ಸರಿಯಲ್ಲವಾದ್ದರಿಂದ ಇದ್ದ ಹಳೆಯ ಕಾರನ್ನು ಮಾರಿದೆವು. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದಿದ್ದರಿಂದ ಆ ನಿರ್ಧಾರ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಎರಡು ಸ್ಕೂಟರುಗಳು ಉತ್ತರದ ಮೂರಡಿಯಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ.

ಅಮ್ಮನ ಕೋಣೆಯಿಂದ ಬಚ್ಚಲಿಗೆ ಹೊಸ್ತಿಲಿಲ್ಲ, ನೆಲ ಒಂದೇ ಮಟ್ಟ. ಬಚ್ಚಲಿನ ಬಾಗಿಲು ಸಾಮಾನ್ಯವಾಗಿ ಇಡುವ ಎರಡೂವರೆ ಅಡಿಯದಲ್ಲ, ಮೂರಡಿಯದು, ಅದೂ ಪಕ್ಕಕ್ಕೆ ಸರಿಯುವಂಥದು. ಮುಂದೆಂದಾದರೂ ಗಾಲಿಕುರ್ಚಿ ಬಂದರೆ ತಿರುಗಬೇಕು, ಒಳಗೆ ಯಾರಾದರೂ ಬಿದ್ದರೆ ಬಾಗಿಲು ಅವರ ಮೈಗೆ ಅಡ್ಡವಾಗಬಾರದು. ಗೋಡೆಗೆ ಹಿಡಿಕೆಗಳನ್ನು ಈಗಲೇ ಹಾಕಿಸಿದ್ದೇವೆ. ಇವೆಲ್ಲ ಕಟ್ಟುವಾಗ ಮಾಡಿದರೆ ನಾಲ್ಕು ಕಾಸಿನ ಕೆಲಸ, ಆಮೇಲೆ ಒಡೆದು ಮಾಡುವುದು ಇಕ್ಕಟ್ಟಿನ ಮನೆಯಲ್ಲಿ ನರಕಯಾತನೆ.

ತಪ್ಪಿದ್ದು ದಕ್ಷಿಣದ ಗೋಡೆಯಲ್ಲಿ. ಆ ಬದಿಯಲ್ಲಿ ನಮ್ಮ ಗೋಡೆ ಗಡಿಯ ಮೇಲೆಯೇ ಇದೆ, ಪಕ್ಕದ ಮನೆಯ ಗೋಡೆಯೂ ಹಾಗೆಯೇ ಇದೆ, ಎರಡರ ನಡುವಿನ ಸಂದು ಹೆಚ್ಚೆಂದರೆ ಒಂದೂವರೆ ಅಂಗುಲ. ಪಾಯ ತೋಡುವಾಗ ನಾವು ಬಹಳ ಎಚ್ಚರ ವಹಿಸಿದ್ದೆವು. ಗಡಿಯಲ್ಲಿ ನಿಲ್ಲುವ ಪಿಲ್ಲರಿನ ಬುಡವನ್ನು ನೆರೆಯವರ ಜಾಗಕ್ಕೆ ಚಾಚುವಂತಿಲ್ಲವಾದ್ದರಿಂದ ಅದು ಒಂದೇ ಪಕ್ಕಕ್ಕೆ ವಾಲುತ್ತದೆ, ಅದನ್ನು ಒಳಗಿನ ಪಿಲ್ಲರಿನ ಬುಡಕ್ಕೆ ನೆಲದಡಿಯ ಬೀಮಿನಿಂದ ಕಟ್ಟಿ ಸಮತೂಕ ಮಾಡಬೇಕು. ಹಾಗೆಯೇ ಮಾಡಿದೆವು, ನೆರೆಯವರ ಪಾಯ ಒಮ್ಮೆಗೇ ಬಯಲಾಗದಂತೆ ಗುಂಡಿಗಳನ್ನೂ ಒಂದು ಬಿಟ್ಟು ಒಂದರಂತೆ ತೋಡಿಸಿದೆವು. ಆದರೆ ನೆಲದ ಮೇಲೆ ಬಂದ ಮೇಲೆ ಆ ಸಂದನ್ನು ಮರೆತೆವು. ಕರಣೆ ಹಾಕಲು ಕೈ ಹೋಗದ ಜಾಗದಲ್ಲಿ ಹೊರಗಿನ ಗಾರೆ ಬಳಿಯುವುದು ಹೇಗೆ? ಬ್ಲಾಕುಗಳು ಬರಿಮೈಯಲ್ಲೇ ಉಳಿದವು. ಮೊದಲ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಬೆಂಗಳೂರಿನಲ್ಲಿ ಮಳೆ ಜೋರಾಗಿ ಹಿಡಿಯುವ ಆ ದಿನಗಳಲ್ಲಿ, ಮೊದಲನೆಯ ಮಹಡಿಯ ದಕ್ಷಿಣದ ಗೋಡೆಯ ಮೇಲೆ ಅಂಗೈಯಗಲದ ಒಂದು ಕಲೆ ಕಾಣಿಸಿತು. ವಾರದೊಳಗೆ ಅದು ನೆಲದಿಂದ ನಾಲ್ಕಡಿ ಎತ್ತರಕ್ಕೆ ಹಬ್ಬಿತು, ಬಣ್ಣ ಹಪ್ಪಳದಂತೆ ಎದ್ದಿತು, ಬೆರಳಿನಿಂದ ಒತ್ತಿದರೆ ಹಿಂದಿನ ಪುಟ್ಟಿ ಹಿಟ್ಟಾಗಿ ಉದುರಿತು. ಪೈಪು ಸೋರುತ್ತಿದೆಯೆಂದು ಒಬ್ಬರು ಬಚ್ಚಲನ್ನು ಒಡೆಸಲು ಹೊರಟಿದ್ದರು. ಸದ್ಯ ಒಡೆಯುವ ಮೊದಲು ತಾರಸಿಗೆ ಹತ್ತಿ ಟಾರ್ಚು ಬಿಟ್ಟು ನೋಡಿದೆವು. ಎರಡು ಪ್ಯಾರಾಪೆಟ್ಟುಗಳ ನಡುವೆ ಬಿದ್ದ ಮಳೆಯೆಲ್ಲ ಆ ಒಂದೂವರೆ ಅಂಗುಲಕ್ಕೇ ಇಳಿಯುತ್ತಿತ್ತು, ಒಣಗಲು ಬಿಸಿಲೂ ಇಲ್ಲ, ಗಾಳಿಯೂ ಇಲ್ಲ.

ಪರಿಹಾರ ಸರಳವಾಗಿತ್ತು, ಆದರೆ ನೆರೆಯವರ ಒಪ್ಪಿಗೆಯಿಲ್ಲದೆ ಆಗುವಂತಿರಲಿಲ್ಲ. ಎರಡೂ ಪ್ಯಾರಾಪೆಟ್ಟುಗಳ ತಲೆಯನ್ನು ಸೇರಿಸಿ, ನಮ್ಮ ತಾರಸಿಯ ಕಡೆಗೆ ಇಳಿಜಾರಾಗುವಂತೆ ಅಲ್ಯೂಮಿನಿಯಮ್ ತಗಡಿನ ಹೊದಿಕೆ ಹೊಡೆಸಬೇಕಿತ್ತು. ತಮ್ಮ ಗೋಡೆಗೂ ಒಳ್ಳೆಯದೇ ಆಗುತ್ತದೆ ಎಂದು ಪಕ್ಕದ ಮನೆಯ ಹಿರಿಯರು ತಕ್ಷಣ ಒಪ್ಪಿಕೊಂಡರು, ಖರ್ಚಿನಲ್ಲಿ ಅರ್ಧವನ್ನೂ ಕೊಟ್ಟರು. ಗೋಡೆ ಪೂರ್ತಿ ಒಣಗಲು ಮುಂದಿನ ಬೇಸಿಗೆಯವರೆಗೆ ಕಾದು, ಆಮೇಲೆ ಮತ್ತೆ ಗಾರೆ ಬಳಿಸಿದೆವು. ಗಡಿಗೆ ಗೋಡೆ ತಾಗಿಸಿ ಕಟ್ಟುವವರಿಗೆ ನಾನು ಕೈಮುಗಿದು ಹೇಳುವುದಿಷ್ಟೇ: ತಗಡಿನ ಹೊದಿಕೆಯನ್ನು ನಕ್ಷೆಯಲ್ಲೇ ಬರೆಸಿ, ನೆರೆಯವರೊಂದಿಗೆ ಪಾಯದ ದಿನವೇ ಮಾತಾಡಿ.

ಬಾವಿಗೆ ತನ್ನದೇ ಆದ ತೊಂದರೆಗಳೂ ಇವೆ, ಮುಚ್ಚಿಡುವುದು ಸರಿಯಲ್ಲ. ಶಬ್ದಕ್ಕೆ ಅದು ಕೊಳವೆಯಿದ್ದಂತೆ. ಕೆಳಗೆ ಕುಕ್ಕರು ಕೂಗಿದರೆ ಎರಡನೆಯ ಮಹಡಿಯಲ್ಲಿ ಆನ್‌ಲೈನ್ ಸಭೆಯಲ್ಲಿ ಕುಳಿತವರ ಮಾತು ನಿಲ್ಲುತ್ತದೆ. ಇಂಗು, ಸಾಸಿವೆಯ ಒಗ್ಗರಣೆ ಹಾಕಿದ ಅರ್ಧ ನಿಮಿಷದಲ್ಲಿ ಮೇಲಿನ ಕೋಣೆಯಲ್ಲಿ ಸೀನು ಬರುತ್ತದೆ. ಅಡುಗೆಮನೆಗೆ ಒಂದು ಗಾಜಿನ ಸರಿಯುವ ಬಾಗಿಲನ್ನೂ ಎಲ್ಲ ಕೋಣೆಗಳ ಬಾಗಿಲುಗಳ ಕೆಳಗೆ ರಬ್ಬರಿನ ಪಟ್ಟಿಯನ್ನೂ ಹಾಕಿದ ಮೇಲೆ ಮುಕ್ಕಾಲು ಪಾಲು ಸರಿಹೋಗಿದೆ. ಇನ್ನೊಂದು ಮಾತೂ ಇದೆ. ಕಳೆದ ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಅಮ್ಮ ಕೆಳಗೆ ಕೆಮ್ಮಿದ್ದು ಅದೇ ಬಾವಿಯ ಮೂಲಕ ನನಗೆ ಕೇಳಿಸಿತು, ಇಳಿದು ಹೋಗಿ ನೋಡಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಹಿಂದಿನ ಬಾಡಿಗೆ ಮನೆಯಲ್ಲಾಗಿದ್ದರೆ ಎರಡು ಗೋಡೆಗಳಾಚೆಯಿಂದ ನನಗೆ ಕೇಳಿಸುತ್ತಿರಲಿಲ್ಲ. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ತಲುಪಿದೆವು. ಆ ಮೇಲೆ ಅವಳ ಕೋಣೆಯ ಬಾಗಿಲಿಗೆ ಹಾಕಿಸಿದ್ದ ರಬ್ಬರಿನ ಪಟ್ಟಿಯನ್ನು ನಾನೇ ಕಿತ್ತು ತೆಗೆದೆ.

ನೀರಿನ ಬಗ್ಗೆ ಎರಡು ಮಾತು. ಬೆಂಗಳೂರಿನಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೆ ಮಳೆಕೊಯ್ಲು ಕಡ್ಡಾಯವೆಂದು 2009ರಲ್ಲಿ ಬಂದ ಕಾನೂನು 30×40 ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆಂದು ಮಾಡಿದ್ದು, ನಮ್ಮದು ಅದರಡಿ ಬರಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ನಮ್ಮ ಮನೆಯ ಮೇಲ್ಮೈ 561 ಚದರಡಿ, ಅಂದರೆ 52 ಚದರ ಮೀಟರ್. ಊರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಆವಿಯಾಗಿ, ಚೆಲ್ಲಿ ಹೋಗುವುದನ್ನೂ ಸೇರಿಸಿದರೆ ಒಟ್ಟು ಬೀಳುವುದು ಸುಮಾರು 50,000 ಲೀಟರು. ಮುಂದಿನ ನಾಲ್ಕಡಿಯಿಂದ ಅಡುಗೆಮನೆಯ ಅಡಿಯವರೆಗೆ ಹಬ್ಬಿದ 6,000 ಲೀಟರಿನ ಸಂಪಿಗೆ ಮರಳು, ಇದ್ದಿಲಿನ ಸೋಸುಡ್ರಮ್ಮಿನ ಮೂಲಕ ಅದನ್ನು ಇಳಿಸಿದ್ದೇವೆ. 2024ರ ಮಾರ್ಚಿಯಲ್ಲಿ ಊರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗ ಸಂಪಿನಲ್ಲಿ ಮಳೆಯ ನೀರೇನೂ ಉಳಿದಿರಲಿಲ್ಲ, ನಿಜ. ಆದರೆ ಮೇ ತಿಂಗಳ ಮೊದಲ ದೊಡ್ಡ ಮಳೆಗೆ ಒಂದೇ ರಾತ್ರಿಯಲ್ಲಿ ಅದು ಅರ್ಧ ತುಂಬಿದ್ದನ್ನು ಮುಚ್ಚಳ ತೆಗೆದು ಎಲ್ಲರೂ ಇಣುಕಿ ನೋಡಿದೆವು.

ಕೊನೆಯದಾಗಿ ಸಾಮಾನುಗಳ ವಿಷಯ. ಮೊದಲನೆಯ ಮಹಡಿಯ ಎರಡು ಕೋಣೆಗಳ ನಡುವೆ ಗೋಡೆಯ ಬದಲು ಎರಡಡಿ ಆಳದ ಬೀರುಗಳನ್ನೇ ನಿಲ್ಲಿಸಿದ್ದೇವೆ, ಅರ್ಧ ಒಂದು ಕೋಣೆಗೆ ತೆರೆದರೆ ಅರ್ಧ ಇನ್ನೊಂದಕ್ಕೆ. ಹಾಲಿನಲ್ಲಿ ಸೋಫಾ ಇಲ್ಲ, ಗೋಡೆಯುದ್ದಕ್ಕೂ ಜಗಲಿಯಂಥ ಒಂದೂವರೆ ಅಡಿಯ ಕಟ್ಟೆ, ಅದರೊಳಗೆ ಹಾಸಿಗೆ ಹೊದಿಕೆ. ಪ್ರತಿ ಬಾಗಿಲಿನ ಮೇಲೂ ಅಟ್ಟ. ಒಂದನ್ನು ಮಾತ್ರ ಲೆಕ್ಕ ತಪ್ಪಿದ್ದೆವು: ತಿರುವು ಮೆಟ್ಟಿಲಿನಲ್ಲಿ, 2 ಅಡಿ 10 ಅಂಗುಲದ ಆ ದಾರಿಯಲ್ಲಿ, ಮಂಚದ ತಲೆಹಲಗೆ ಹೊರಳುವುದಿಲ್ಲ. ಗೃಹಪ್ರವೇಶದ ಹಿಂದಿನ ದಿನ ಇದು ಗೊತ್ತಾಗಿ, ನಾಲ್ಕು ಜನ ಹಗ್ಗ ಕಟ್ಟಿ ಮುಂದಿನ ಬಾಲ್ಕನಿಯಿಂದ ಅದನ್ನು ಎಳೆದುಕೊಳ್ಳಬೇಕಾಯಿತು, ಬೆಸುಗೆ ಹಾಕಿದ್ದ ಕಂಬಿಯನ್ನು ಕೊಯ್ಯಿಸಬೇಕಾಯಿತು. ಆಮೇಲೆ ಆ ಕಂಬಿಯನ್ನು ಬೆಸುಗೆಯ ಬದಲು ಬೋಲ್ಟು ಹಾಕಿ ಕೂರಿಸಿದ್ದೇವೆ. ಹೋದ ತಿಂಗಳು ಮಗಳ ಓದುವ ಮೇಜು ಬಂದಾಗ ಆರು ಬೋಲ್ಟು ಬಿಚ್ಚಿ, ಮೇಜನ್ನು ಮೇಲಕ್ಕೆಳೆದು, ಮತ್ತೆ ಬಿಗಿಯಲು ನಮಗೆ ಹಿಡಿದದ್ದು ಇಪ್ಪತ್ತು ನಿಮಿಷ. ಮೇಜನ್ನು ಅವಳು ಕಿಟಕಿಯ ಹತ್ತಿರ ಇಡಿಸಲಿಲ್ಲ. ಕೋಣೆಯ ಒಳಬದಿಯಲ್ಲಿ, ಬಾವಿಯ ಬಿಳಿಗೋಡೆ ಕಾಣುವಂತೆ ಇಡಿಸಿಕೊಂಡಿದ್ದಾಳೆ.